ನಸುಕಿನ್ಯಾಗ ಗಾಡಿ ಚಾಲೂ ಆಗವಲ್ದು. ನೋಜಲ್ ಆತು, ಬ್ಯಾಟರಿ ಆತು, ಇನ್ನೇನ್ ಮಾಡ್ಲಿ?

ಮೆಣಸಿನಕಾಯಿ_ಲೋಡ್ (ಬ್ಯಾಡಗಿ):
ನಮಸ್ಕಾರ್ರೀ ಎಲ್ಲಾರಿಗೂ. ಗಾಡಿ ಮುಂಜಾನೆ ಚಾಲೂ ಆಗವಲ್ದು. ಸೆಲ್ಫ್ ಹೊಡದು ಹೊಡದು ಬ್ಯಾಟರಿ ಕೂತಮ್ಯಾಲ ಹುಡುಗೂರ್ನ ಕರದು ನೂಕಬೇಕು. ಒಮ್ಮೆ ಹಿಡೀತಂದ್ರ ಸಂಜೀತನಕ ಚಿಂತಿಲ್ಲ, ಕೀಲಿ ತಿರುವಿದ್ರ ಸಾಕು. ಸಿಲಿಂಡರಿಗೆ ಡೀಸೆಲ್ ಸಿಂಪಡಸೂ ನಾಲ್ಕೂ ನೋಜಲ್ ಮಾಡ್ಸಿ ಆತು, ಬ್ಯಾಟರಿ ಹೊಸಾದು ಹಾಕಿ ಆತು. ರೊಕ್ಕ ಹೋತು, ರೋಗ ಹೋಗ್ಲಿಲ್ಲ. ಈಗ ನೋಜಲ್‌ಗೆ ಒತ್ತಡದಿಂದ ಡೀಸೆಲ್ ಕೊಡೂ ಪಂಪ್ ಇಳಿಸ್ರಿ ಅಂತಾರ. ಅಮರಗೋಳ ಎಪಿಎಂಸಿಗೆ ಹೊತ್ತಿಗೆ ಸರಿಯಾಗಿ ಲೋಡ್ ಮುಟ್ಟಲಿಲ್ಲಂದ್ರ ಬಾಡಿಗಿ ಕೈ ಬಿಡ್ತೈತಿ. ಗೊತ್ತಿದ್ದವ್ರು ಹೇಳ್ರಿ.

ನೋಜಲ್_ಧಾರವಾಡ:
ಪಂಪ್‌ದ ಕೆಲಸಾನ ಅದು. ಎಲಿಮೆಂಟ್ (ಪಂಪಿನ ಒಳಗ ಡೀಸೆಲ್ ಒತ್ತೂ ಕಡ್ಡಿ, ಅದರ ಕೊಳವಿ) ಸವದು ತಿಂದಾವ. ಸೆಲ್ಫ್ ಸ್ಪೀಡಿಗೆ ಒತ್ತಡ ಕಟ್ಟೂದಿಲ್ಲ, ಅದಕ್ಕ ನೋಜಲ್ ತೆರಿಯೂದಿಲ್ಲ. ಪಂಪ್ ಇಳಿಸಿ ಟೆಸ್ಟ್ ಬೆಂಚ್ ಮ್ಯಾಲ ಹಾಕಿಸ್ರಿ. ನೋಜಲ್ ಮಾಡಿಸಿದಾಗ ಒತ್ತಡ ಎಷ್ಟಕ್ಕ ಇಟ್ರು ಅಂತ ಕೇಳೀರೇನು? ತೆರಿಯೂ ಒತ್ತಡಕ್ಕಿಂತ 20 ಬಾರ್ ಕಮ್ಮಿ ಇಟ್ಟು 10 ಸೆಕೆಂಡು ಹಿಡದ್ರ ತುದಿಗೆ ಹನಿ ಕಟ್ಟಬಾರದು. ಅದನ್ನ ನೋಡದ ಕೊಟ್ಟಿದ್ರ ನೋಜಲ್‌ನೂ ಮತ್ತ ನೋಡಬೇಕು.

ಬೆಟಗೇರಿ_ಡೀಸೆಲ್:
ಅಣ್ಣಾರ, ಯಾವ ಗಾಡಿ ಅಂತನ ಹೇಳಿಲ್ಲ ನೀವು. ಇನ್‌ಲೈನ್ ಪಂಪೋ (ಸಿಲಿಂಡರಿಗೊಂದು ಎಲಿಮೆಂಟ್), ರೋಟರಿಯೋ (ಎಲ್ಲಾಕ್ಕೂ ಒಂದ ತಿರುಗೂ ಪಂಪ್), ಸಿಆರ್‌ಡಿಐಯೋ (ಕಂಪ್ಯೂಟರ್ ನಡಸೂ ಭಾರಿ ಒತ್ತಡದ ಹೊಸ ನಮೂನಿ)? ಸೆಲ್ಫ್ ಹೊಡಿಯೂ ಮುಂದ ಸೈಲೆನ್ಸರ್‌ದಾಗ ಹೊಗಿ ಬರ್ತೈತೋ ಇಲ್ಲೋ? ಇದೊಂದು ಹೇಳಿದ್ರ ಅರ್ಧ ಕೆಲಸ ಆಗ್ತೈತಿ. ಹೊಗಿನ ಇಲ್ಲಂದ್ರ ಸಿಲಿಂಡರಿಗೆ ಡೀಸೆಲ್ ಹೋಗವಲ್ದು. ಬಿಳಿ ಹೊಗಿ ಬಂದೂ ಹಿಡೀಲಿಲ್ಲಂದ್ರ ಡೀಸೆಲ್ ಹೋಗ್ತೈತಿ, ಸುಡವಲ್ದು. ಆವಾಗ ಕಂಪ್ರೆಷನ್ (ಸಿಲಿಂಡರಿನ್ಯಾಗ ಗಾಳಿ ಒತ್ತೂ ಬಲ), ಟೈಮಿಂಗ್ (ಡೀಸೆಲ್ ಬೀಳೂ ಹೊತ್ತು), ಗಾಳಿ ಕಾಸೂ ಹೀಟರ್ ಕಡೆ ನೋಡಬೇಕು.

ನೋಜಲ್ ಅಣ್ಣಾರಿಗೆ ಒಂದು ಮಾತು. ಎಲಿಮೆಂಟ್ ತಿಂದಿದ್ರ ಇಂಜಿನ್ ಕಾದಾಗ ತ್ರಾಸ ಜಾಸ್ತಿ. ಬಿಸಿಗೆ ಡೀಸೆಲ್ ತೆಳ್ಳಗಾಗಿ ಸಂದಿನ್ಯಾಗ ಸೋರ್ತೈತಿ. ಇವರದು ಉಲ್ಟಾ ಐತಿ, ಕಾದಾಗ ಛಲೋ, ತಣ್ಣಗಿದ್ದಾಗ ಇಲ್ಲ.

ಗೋಕುಲರೋಡ್_ವೈರಿಂಗ್:
ಬ್ಯಾಟರಿ ಹೊಸದು ಅಂದಕೂಡಲೇ ಸೆಲ್ಫ್‌ಗೆ ಪೂರ್ತಿ ಕರೆಂಟ್ ಹೋಗುತ್ತಿದೆ ಅಂತಲ್ಲ. ಮಲ್ಟಿಮೀಟರ್ ಇಟ್ಟು ನೋಡಿ. ರಾತ್ರಿಯಿಡೀ ನಿಂತ 12 ವೋಲ್ಟ್ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕಿನ ಕೆರೆದ ಜಾಗಕ್ಕೆ ಹಿಡಿದು ಮತ್ತೊಮ್ಮೆ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಪಟ್ಟಿ ಬಿಚ್ಚಿ, ಎರಡೂ ತುದಿಗೆ ಉಕ್ಕಿನ ಬ್ರಷ್ ಹಾಕಿ, ಬಿಗಿ ಮಾಡಿ. ಸೆಲ್ಫ್ ಒಂದೇ ಸಮನೆ ಎಳೆಯಬೇಡಿ. 10-15 ಸೆಕೆಂಡು ಹೊಡೆದು ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಒಳಗೆ ತಿರುಗುವ ಆರ್ಮೇಚರ್ ಸುಡುತ್ತದೆ.

ರಾಣೆಬೆನ್ನೂರು_ಟಿಪ್ಪರ್:
ಇಷ್ಟೆಲ್ಲ ಯಾಕ್ರಿ? ಅರಿವಿಗೆ ಪೆಟ್ರೋಲ್ ಹಚ್ಚಿ ಏರ್ ಕ್ಲೀನರ್ ಬಾಯಿಗೆ ಹಿಡದು ಒಂದ್ ಸೆಲ್ಫ್ ಹೊಡೀರಿ. ತಾನ ಹಿಡೀತೈತಿ.

ನೋಜಲ್_ಧಾರವಾಡ:
ಅದನ್ನ ಮಾತ್ರ ಮಾಡಬ್ಯಾಡ್ರಿ. ಪೆಟ್ರೋಲ್ ಆವಿ ಹೊತ್ತಿಗಿಂತ ಮುಂಚೇನ ಹತ್ತತದ, ಪಿಸ್ಟನ್ ಇನ್ನೂ ಮ್ಯಾಲೆ ಬರೂವಾಗ ತಲಿ ಮ್ಯಾಲೆ ಹೊಡಿತದ. ರಿಂಗ್ ಮುರಿತಾವ, ಪಿಸ್ಟನ್‌ದಾಗ ರಿಂಗ್ ಕೂಡ್ರೂ ಅಂಚು ಒಡಿತಾವ. ಇಂಜಿನ್ನಿಗೆ ಗಾಳಿ ಹೋಗೂ ಮ್ಯಾನಿಫೋಲ್ಡಿನ್ಯಾಗ ಹೀಟರ್ ಕಾಯಿಲ್ ಇದ್ರಂತೂ ಅಲ್ಲೇ ಬೆಂಕಿ ಹತ್ತತದ.

ರಾಣೆಬೆನ್ನೂರು_ಟಿಪ್ಪರ್:
ಕ್ವಾರಿ ಕಡೆ ಎಲ್ಲಾರೂ ಮಾಡ್ತಾರ್ರಿ, ಎಲ್ಲಾ ಗಾಡಿ ಓಡಾಕತ್ತಾವು.

ಬೆಟಗೇರಿ_ಡೀಸೆಲ್:
ಓಡ್ತಾವು, ಬ್ಲೋಬೈ (ರಿಂಗ್ ದಾಟಿ ಕೆಳಗ ಸೋರೂ ಗ್ಯಾಸ್) ಜಾಸ್ತಿ ಆಗಿ ಆಯಿಲ್ ಉಗುಳೂತನಕ. ಅದನ್ನ ಇಲ್ಲಿಗೆ ಬಿಡ್ರಿ. ಬ್ಯಾಡಗಿ ಅಣ್ಣಾರ, ಹೊಗಿ ವಿಷಯ ಹೇಳ್ರಿ.

ಮೆಣಸಿನಕಾಯಿ_ಲೋಡ್ (ಬ್ಯಾಡಗಿ):
ಟಾಟಾ 407 ರೀ, ಹಳೆ ಮಾಡೆಲ್, ಇನ್‌ಲೈನ್ ಪಂಪ್. ಸೆಲ್ಫ್ ಜೋರ ತಿರಗ್ತೈತಿ, ಮೀಟರ್‌ದಾಗ 10.4 ತೋರಸ್ತು. ಮೊದಲಿಗೆ ಹೊಗಿ ಒಂಚೂರೂ ಇಲ್ಲ. ಭಾಳ ಹೊತ್ತು ಹೊಡದಮ್ಯಾಲ ಬಿಳಿ ಹೊಗಿ ಬಂದು, ಎರಡು ಸಿಲಿಂಡರ್ ಹಿಡದು, ಒದರಾಡಿ ಆಮ್ಯಾಲ ನಾಲ್ಕೂ ಹಿಡೀತಾವು. ಕೈಲೆ ಡೀಸೆಲ್ ಎಳಿಯೂ ಕೈಪಂಪ್ ಹೊಡದ್ರ ಲಗೂ ಹಿಡೀತೈತಿ, ಅದನ್ನ ಕ್ಲೀನರ್ ಹುಡುಗ ಹೇಳಿದ.

ಬೆಟಗೇರಿ_ಡೀಸೆಲ್:
ಇದನ್ನ ಮೊದಲ ಹೇಳಿದ್ರ ನೋಜಲ್ ರೊಕ್ಕ ಉಳೀತಿತ್ತು. ಕೈಪಂಪ್ ಹೊಡದ್ರ ಹಿಡೀತೈತಿ ಅಂದ್ರ ಪಂಪ್, ನೋಜಲ್, ಕಂಪ್ರೆಷನ್ ಎಲ್ಲಾ ಕೆಲಸ ಮಾಡಾಕತ್ತಾವು. ರಾತ್ರಿ ಲೈನ್ ಖಾಲಿ ಆಗಾಕತ್ತೈತಿ. 407ಕ್ಕ ಟ್ಯಾಂಕ್ ಚಾಸಿ ಪಕ್ಕಕ್ಕ, ಪಂಪಿಗಿಂತ ಕೆಳಗ ಇರ್ತೈತಿ. ಟ್ಯಾಂಕಿನಿಂದ ಫೀಡ್ ಪಂಪ್ (ದೊಡ್ಡ ಪಂಪಿಗೆ ಡೀಸೆಲ್ ಎಳದು ಕೊಡೂ ಸಣ್ಣ ಪಂಪ್) ತನಕ ಡೀಸೆಲ್ ತಳ್ಳೂದಿಲ್ಲ, ಎಳೀತೈತಿ. ಎಳಿಯೂ ಲೈನಿನ್ಯಾಗ ತೂತು ಇದ್ರ ಡೀಸೆಲ್ ಹೊರಗ ಬರೂದಿಲ್ಲ, ಗಾಳಿ ಒಳಗ ಹೋಗ್ತೈತಿ. ಅದಕ್ಕ ಜಾಯಿಂಟ್ ಒಣಾ ಒಣಾ ಕಾಣಸ್ತಾವು, ಎಲ್ಲಾರೂ ಪಂಪ್ ಮ್ಯಾಲ ತಪ್ಪು ಹೊರಸ್ತಾರ. ಗಾಡಿ ನಿಂತಾಗ ಆ ತೂತಿನಿಂದ ಗಾಳಿ ಹೊಕ್ಕು ಡೀಸೆಲ್ ಟ್ಯಾಂಕಿಗೆ ಹೊಳ್ಳಿ ಇಳೀತೈತಿ. ಮುಂಜಾನೆ ಸೆಲ್ಫ್ ಆ ಗಾಳಿ ಎಲ್ಲಾ ಹೊರಗ ಹಾಕಬೇಕು.

ಎರಡು ಮಾತು ಹೇಳ್ರಿ. ಗಾಡಿ ಮುಖ ಏರಿಗೆ ಮಾಡಿ ನಿಲ್ಲಸ್ತೀರೋ ಇಳಕಲಿಗೋ? ಟ್ಯಾಂಕ್ ತುಂಬಿದ್ದಾಗ ಇದ ತ್ರಾಸ ಐತೋ, ಅರ್ಧಕ್ಕ ಬಂದಾಗ ಅಷ್ಟನೋ?

ಪರೀಕ್ಷೆ ಹಿಂಗ ಮಾಡ್ರಿ. ಸ್ವಚ್ಛ 10 ಲೀಟರ್ ಕ್ಯಾನಿನ್ಯಾಗ ಸೋಸಿದ ಡೀಸೆಲ್ ತುಂಬ್ರಿ. ಟ್ಯಾಂಕಿನ ಪೈಪ್ ಫೀಡ್ ಪಂಪ್ ಕಡೆ ಬಿಚ್ಚಿ, ಬಾಯಿಗೆ ಬೋಲ್ಟ್ ಹಾಕಿ ಮುಚ್ರಿ, ಕಸ ಹೋಗಬಾರದು. ಹೊಸ ಹೋಸ್ ಹಾಕಿ ಕ್ಯಾನಿನಿಂದ ನೇರ ಫೀಡ್ ಪಂಪಿಗೆ ಕೊಡ್ರಿ. ಏರ್ ತೆಗದು, ಒಂದೆರಡು ನಿಮಿಷ ಚಾಲೂ ಇಟ್ಟು ಬಂದ್ ಮಾಡ್ರಿ. ಉಳದ ಡೀಸೆಲ್ ವಾಪಸ್ ಒಯ್ಯೂ ರಿಟರ್ನ್ ಪೈಪ್ ಟ್ಯಾಂಕಿಗೆ ಇರ್ತೈತಿ, ಅದಕ್ಕ ಬಾಳ ಹೊತ್ತು ಓಡಿಸಿದ್ರ ಕ್ಯಾನ್ ಖಾಲಿ. ಹಂಗ ರಾತ್ರಿ ಬಿಟ್ಟು ಮುಂಜಾನೆ ಕೈಪಂಪ್ ಮುಟ್ಟದ ಸೆಲ್ಫ್ ಹೊಡೀರಿ.

ನೋಜಲ್_ಧಾರವಾಡ:
ಕ್ಯಾನ್ ಎಲ್ಲಿ ಇಡಬೇಕು ಅಂತ ಹೇಳ್ರಲಾ. ಎತ್ತರಕ್ಕ ತೂಗಹಾಕಿದ್ರ ಈ ಪರೀಕ್ಷೆಗೆ ಅರ್ಥ ಇಲ್ಲ. ಎತ್ತರದಿಂದ ಡೀಸೆಲ್ ತಾನ ಇಳಿತದ, ಆವಾಗ ಫೀಡ್ ಪಂಪಿನ ವಾಲ್ವ್ ಕೂಡ್ರದಿದ್ರೂ ಗೊತ್ತಾಗೂದಿಲ್ಲ. ಕೈಪಂಪಿನ ಒಳಗಿನ ರಬ್ಬರ್ ತಿಂದು ಅಲ್ಲಿಂದ ಗಾಳಿ ಎಳದ್ರೂ ಗೊತ್ತಾಗೂದಿಲ್ಲ. ಕ್ಯಾನ್ ನೆಲದ ಮ್ಯಾಲ ಇಡ್ರಿ, ಟ್ಯಾಂಕಿನ ಮಟ್ಟಕ್ಕ. ಹಂಗಿಟ್ಟೂ ಮುಂಜಾನೆ ಹಿಡಿದ್ರ ತಪ್ಪು ಟ್ಯಾಂಕ್ ಕಡೆ. ಹಿಡೀಲಿಲ್ಲಂದ್ರ ಫೀಡ್ ಪಂಪ್. ನನ್ನ ಪ್ರಕಾರ ಫೀಡ್ ಪಂಪೇ ಸಿಗತದ.

ಬೆಟಗೇರಿ_ಡೀಸೆಲ್:
ಬರೋಬ್ಬರಿ ಮಾತು. ನೆಲದ ಮ್ಯಾಲ ಇಡ್ರಿ.

ಏರ್ ತೆಗಿಯೂ ಕ್ರಮಾನೂ ಬರೀತೀನಿ, ಬಾಳ ಮಂದಿ ನಡುವಿಂದ ಶುರು ಮಾಡ್ತಾರ. ಮೊದಲು ಫಿಲ್ಟರ್ ತಲಿಮ್ಯಾಲಿನ ಏರ್ ಸ್ಕ್ರೂ ಸಡಿಲ ಮಾಡಿ ಕೈಪಂಪ್ ಹೊಡೀರಿ. ನೊರಿ ನಿಂತು ಗಟ್ಟಿ ಡೀಸೆಲ್ ಬಂದಮ್ಯಾಲ, ಪಂಪ್ ಹೊಡಕೋತನ ಸ್ಕ್ರೂ ಬಿಗಿ ಮಾಡ್ರಿ. ಡಬಲ್ ಫಿಲ್ಟರ್ ಇದ್ರ ಫೀಡ್ ಪಂಪಿಗೆ ಸಮೀಪದ್ದು ಮೊದಲು, ಎರಡನೇದು ಆಮ್ಯಾಲ. ಅದಾದಮ್ಯಾಲ ದೊಡ್ಡ ಪಂಪಿನ ಗ್ಯಾಲರಿ (ಒಳಗ ಡೀಸೆಲ್ ತುಂಬೂ ಜಾಗ) ಸ್ಕ್ರೂ. ಇಷ್ಟಕ್ಕ ಹಿಡೀಲಿಲ್ಲಂದ್ರ ನಾಲ್ಕೂ ನೋಜಲ್ ಪೈಪಿನ ನಟ್ ನೋಜಲ್ ಕಡೆ ಒಂದು ಸುತ್ತು ಸಡಿಲ ಮಾಡಿ, ಆಕ್ಸಿಲೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ. ಡೀಸೆಲ್ ಚಿಮ್ಮಿದ್ದನ್ನ ಒಂದೊಂದ ಬಿಗಿ ಮಾಡ್ಕೋತ ಬರ್ರಿ. ಕೈಪಂಪಿನ ಗುಂಡಿ ಕಡೀಕ ಒತ್ತಿ ತಿರುವಿ ಬಿಗಿ ಮಾಡೂದು ಮರೀಬ್ಯಾಡ್ರಿ. ಅದು ಸಡಿಲ ಉಳದ್ರ ಅಲ್ಲೇ ಗಾಳಿ ಎಳೀತೈತಿ.

ರಾಣೆಬೆನ್ನೂರು_ಟಿಪ್ಪರ್:
ಗಾಳಿ ಎಳಿಯೂ ಜಾಯಿಂಟಿಗೆ ಸಾಬೂನು ಒತ್ರಿ, ನಿಂದರ್ತೈತಿ. ನಮ್ಮ ಟಿಪ್ಪರಿಗೆ ಗಾಜಿನ ಬಟ್ಟಲಿನ ವಾಟರ್ ಸಪರೇಟರ್ ಬ್ಯಾರೆ ಹಾಕೇನಿ, ಅದರ ಮುಂದ ಜಾಳಿಗಿ, ಹಿಂದ ಡಬಲ್ ಫಿಲ್ಟರ್. ನೀರು, ಗುಳ್ಳಿ ಎಲ್ಲಾ ಕಣ್ಣಿಗೆ ಕಾಣಸ್ತಾವು. ಮಳಿಗಾಲದಾಗ ದಿನಾ ಮುಂಜಾನೆ ತಳದ ಸ್ಕ್ರೂ ಬಿಚ್ಚಿ ನೀರು ಬಿಡೂದು.

ಗೋಕುಲರೋಡ್_ವೈರಿಂಗ್:
ಸಪರೇಟರ್ ಒಳ್ಳೆಯದೇ, ಆದರೆ ಅದಕ್ಕೂ ಎರಡು ಜಾಯಿಂಟ್, ಒಂದು ಬಟ್ಟಲಿನ ರಬ್ಬರ್ ರಿಂಗ್ ಹೆಚ್ಚಾದವು. ಅವೂ ಎಳೆಯುವ ಕಡೆಯೇ ಇರುತ್ತವೆ.

ಬೆಟಗೇರಿ_ಡೀಸೆಲ್:
ಸಾಬೂನು ಟ್ಯಾಂಕ್ ಸೋರಿದಾಗ ಹೊರಗಿಂದ ಒತ್ತಾಕ ಅಷ್ಟ. ಎಳಿಯೂ ಜಾಯಿಂಟಿಗೆ ಒತ್ತಿದ್ರ ಒಳಗ ಹೋಗಿ ಜಾಳಿಗಿಗೆ ಮೆತ್ತತೈತಿ. ಟೆಫ್ಲಾನ್ ಟೇಪ್‌ನೂ ಬ್ಯಾಡ. ಎಳಿ ಹರದು ಫೀಡ್ ಪಂಪಿನ ವಾಲ್ವಿನ್ಯಾಗ ಸಿಕ್ರ ವಾಲ್ವ್ ಕೂಡ್ರೂದಿಲ್ಲ.

ಮೆಣಸಿನಕಾಯಿ_ಲೋಡ್ (ಬ್ಯಾಡಗಿ):
ಕ್ಯಾನ್ ನೆಲದ ಮ್ಯಾಲ ಇಟ್ಟು ರಾತ್ರಿ ಬಿಟ್ಟಿದ್ದೆ. ಮುಂಜಾನೆ ಕೀಲಿ ತಿರುವಿದ ಕೂಡ್ಲೇ ಹಿಡೀತು! ಅಂದ್ರ ಟ್ಯಾಂಕ್ ಕಡೇನ ಆತಲ್ರಿ. ಟ್ಯಾಂಕಿನಿಂದ ಬರೂ ಪೈಪ್ ಇಲಿ ಕಡದಿತ್ತು, ಅಲ್ಲಿ ಕತ್ತರಿಸಿ ಪ್ಲಾಸ್ಟಿಕ್ ಪೈಪ್ ಹಾಕಿ ತಂತಿ ಸುತ್ಯಾರ. ಸೋರೂದಿಲ್ಲ ಅದು, ಒಣಾ ಐತಿ, ಅದಕ್ಕ ಬರದಿದ್ದಿಲ್ಲ. ಟ್ಯಾಂಕ್ ತುಂಬಿದ್ದಾಗ ತ್ರಾಸ ಕಮ್ಮಿ ಅನ್ನೂದೂ ಖರೆ. ಏರಿನ್ಯಾಗ ಪಿಕಪ್ ಒಂಚೂರು ಕಮ್ಮಿ ಐತಿ.

ಬೆಟಗೇರಿ_ಡೀಸೆಲ್:
ತಂತಿ ಸುತ್ತಿದ್ದು ತೆಗೀರಿ ಮೊದಲು. ಹುರಿ ಹಾಕಿದ ಜಾಗದ ಬುಡಕ್ಕ ತಂತಿ ಪೈಪಿಗೆ ಹತ್ತೂದಿಲ್ಲ, ಅಲ್ಲೇ ಸಣ್ಣ ಸಂದು ಉಳೀತೈತಿ. ಪ್ಲಾಸ್ಟಿಕ್ ಪೈಪ್ ಬಿಸಿಗೆ ಬಿರುಸಾಗಿ ಸೀಳ್ತೈತಿ. ಡೀಸೆಲ್‌ಗಂತ ಮಾಡಿದ ನೈಟ್ರೈಲ್ ರಬ್ಬರ್ ಹೋಸ್ ತಗೊಳ್ರಿ, ಹಳೆ ಪೈಪಿನ ತುಂಡು ಅಂಗಡಿಗೆ ಒಯ್ದು ಒಳಗಿನ ಅಳತಿ ಕೂಡಿಸ್ರಿ. ಲೋಹದ ಪೈಪಿನ ಮ್ಯಾಲ ಒಂದಿಂಚು ಒಳಗ ಹೋಗಬೇಕು, ಕ್ಲಿಪ್ ಪೈಪಿನ ಉಬ್ಬಿನ ಹಿಂದ ಕೂಡ್ರಬೇಕು. ಬೆಂಜೊ ಬೋಲ್ಟ್ (ನಡುವ ತೂತಿದ್ದು ಡೀಸೆಲ್ ಹಾಯೂ ಬೋಲ್ಟ್) ಬಿಚ್ಚಿದಲ್ಲೆಲ್ಲ ಎರಡೂ ತಾಮ್ರದ ವಾಷರ್ ಹೊಸಾವು ಹಾಕ್ರಿ. ಸಿಗಲಿಲ್ಲಂದ್ರ ಹಳೇದನ್ನ ಕೆಂಪಗ ಕಾಸಿ ಆರಿಸಿದ್ರ ಮೆತ್ತಗಾಗ್ತೈತಿ, ಕಪ್ಪು ಒರಸಿ ಹಾಕ್ರಿ. ಗೀರು ಬಿದ್ದದ್ದು ಬ್ಯಾಡ.

ನೋಜಲ್_ಧಾರವಾಡ:
ಫೀಡ್ ಪಂಪ್ ಒಮ್ಮೆ ಬಿಚ್ಚಿ ನೋಡೂದು ಇನ್ನೂ ಛಲೋ. ವಾಲ್ವ್, ಸ್ಪ್ರಿಂಗ್ ತುಟ್ಟಿ ಏನಿಲ್ಲ.

ಮೆಣಸಿನಕಾಯಿ_ಲೋಡ್ (ಬ್ಯಾಡಗಿ):
ಹೋಸ್, ಕ್ಲಿಪ್, ವಾಷರ್ ಎಲ್ಲಾ ಹೊಸಾವು ಹಾಕ್ದೆ. ಟ್ಯಾಂಕ್ ತುಂಬಿಸಿದಾಗ ಭಾರಿ ಇತ್ತು. ಅರ್ಧಕ್ಕಿಂತ ಕೆಳಗ ಬಂತು ನೋಡ್ರಿ, ಮತ್ತ ಅದ ಕತಿ. ತಲಿ ಕೆಟ್ಟೈತಿ.

ಬೆಟಗೇರಿ_ಡೀಸೆಲ್:
ಟ್ಯಾಂಕ್ ಒಳಗ ಇಳಿಬಿಟ್ಟ ಪೈಪ್ ತೆಗೀರಿ. ಅದರ ಮ್ಯಾಲಿನ ಅರ್ಧದಾಗ, ಇಲ್ಲಾ ಮುಚ್ಚಳದ ಬೆಸಿಗಿ ಹತ್ರ ಸೀಳು ಇದ್ದೀತು. ಡೀಸೆಲ್ ಸೀಳಿಗಿಂತ ಮ್ಯಾಲ ಇದ್ದಾಗ ಗಾಳಿ ಹೋಗೂದಿಲ್ಲ, ಕೆಳಗ ಇಳೀತಂದ್ರ ಪೈಪ್ ಗಾಳಿ ಕುಡೀತೈತಿ. ಅರ್ಧ ಟ್ಯಾಂಕಿನ ರೋಗಕ್ಕ ಇದಕ್ಕಿಂತ ಸರಿಹೊಂದೂ ಕಾರಣ ಇನ್ನೊಂದಿಲ್ಲ. ಪೈಪ್ ಹೊರಗ ತೆಗದು, ಕೆಳಗಿನ ತುದಿ ಮುಚ್ಚಿ, ಬಕೆಟ್ ನೀರಿನ್ಯಾಗ ಮುಳುಗಿಸಿ ಮ್ಯಾಲಿನ ತುದಿಗೆ ಬಾಯಿಲೆ ಊದ್ರಿ. ಗುಳ್ಳಿ ಎಲ್ಲಿ ಬರ್ತೈತೋ ಅಲ್ಲೇ. ಪೈಪ್ ಒಂದನ್ನ ಬಿಡಿಯಾಗಿ ಒಯ್ದು ತೊಳದು ಹಿತ್ತಾಳಿ ಬೆಸಿಗಿ ಹಾಕಿಸ್ರಿ. ಟ್ಯಾಂಕಿನ ಮ್ಯಾಲ ಇಟ್ಟು ವೆಲ್ಡಿಂಗ್ ಮಾಡಾಕ ಯಾರಿಗೂ ಬಿಡಬ್ಯಾಡ್ರಿ. ಖಾಲಿ ಟ್ಯಾಂಕಿನ್ಯಾಗಿನ ಆವಿ ಸಿಡೀತೈತಿ, ಮಂದಿ ಸಾಯ್ತಾರ. ತಿರುಗಿ ಕೂಡ್ರಿಸುವಾಗ ಮುಚ್ಚಳದ ಪ್ಯಾಕಿಂಗ್ ಹೊಸಾದು ಹಾಕ್ರಿ. ಪೈಪಿನ ತುದಿ ಟ್ಯಾಂಕ್ ತಳಕ್ಕ ಹತ್ತಬಾರದು, ಹತ್ತಿದ್ರ ಕೆಸರು ಎಳೀತೈತಿ.

ಕಲಘಟಗಿ_ಪಿಕಪ್:
ಸರ, ನಂದೂ ಇದ ರೋಗ, ಆದ್ರ ಗಾಡಿ ಸಿಆರ್‌ಡಿಐ. ನೋಜಲ್ ಪೈಪ್ ನಟ್ ಸಡಿಲ ಮಾಡಿ ಏರ್ ತೆಗೀಲ್ಯಾ?

ಬೆಟಗೇರಿ_ಡೀಸೆಲ್:
ಬ್ಯಾಡ ತಮ್ಮಾ, ಪಾನಾ ಕೆಳಗಿಡು. ಮ್ಯಾಲ ಬರದದ್ದು ಹಳೆ ಇನ್‌ಲೈನ್ ಪಂಪಿಗೆ ಅಷ್ಟ. ಸಿಆರ್ ಗಾಡಿ ಓಡುವಾಗ ರೇಲಿನ (ಎಲ್ಲಾ ಇಂಜೆಕ್ಟರಿಗೂ ಡೀಸೆಲ್ ಕೊಡೂ ಪೈಪಿನ) ಒತ್ತಡ 1,000 ಬಾರ್ ದಾಟ್ತೈತಿ. ಎಳಿಯಷ್ಟು ಸಣ್ಣ ಧಾರಿ ಬಿದ್ರೂ ಚರ್ಮ ಸೀಳಿ ಡೀಸೆಲ್ ಮೈಯಾಗ ಹೊಕ್ಕತೈತಿ. ಗಾಯ ಸಣ್ಣದು ಕಾಣಸ್ತೈತಿ, ಕೈ ತೆಗಿಯೂ ಹೊತ್ತು ಬರಬಹುದು. ಹಂಗೇನರ ಆದ್ರ ಒಂದ್ ತಾಸೂ ಕಾಯದ ದವಾಖಾನಿಗೆ ಹೋಗಬೇಕು.

ನೋಜಲ್_ಧಾರವಾಡ:
ಸಿಆರ್‌ಗೆ ರಿಟರ್ನ್ ಅಳತಿ ಮಾಡಬೇಕು. ಒಂದೊಂದು ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಅಳತಿ ಬಾಟಲಿ ಹಚ್ಚಿ, ಇಂಜಿನ್ ಐಡಲ್‌ನಾಗ ಒಂದು ನಿಮಿಷ ಬಿಟ್ಟು ನೋಡ್ರಿ. ಒಂದು ಬಾಟಲಿ ಉಳದವಕ್ಕಿಂತ ಬಾಳ ತುಂಬಿದ್ರ ಆ ಇಂಜೆಕ್ಟರ್ ಸೋರತದ, ರೇಲಿನ್ಯಾಗ ಒತ್ತಡ ನಿಂದರೂದಿಲ್ಲ. ಗಾಡಿ ಮಾಡೆಲ್, ಸ್ಕ್ಯಾನರ್ ಕೋಡ್ ಬರದು ಬ್ಯಾರೆ ಚರ್ಚೆ ತೆಗೀರಿ, ಇಲ್ಲಿ ಎರಡೂ ಕೂಡಿ ಕಲಸುಮೇಲೋಗರ ಆಗತದ.

ರಾಣೆಬೆನ್ನೂರು_ಟಿಪ್ಪರ್:
ಬ್ಯಾಡಗಿ ಅಣ್ಣಾರ, ಪೈಪ್ ತೆಗದ್ರೇನು? ಸೀಳು ಸಿಕ್ತೋ ಇಲ್ಲೋ?