ಆವರಣದ ಮೇಲಿನ ಘಾತಾಂಕ ಯಾವುದಕ್ಕೆಲ್ಲ ಅನ್ವಯಿಸುತ್ತದೆ?

ಪ್ರಶ್ನೆ (ಕುಂಬಳೆಯಿಂದ ಒಬ್ಬ ತಾಯಿ)

ಮಾನ್ಯರೇ, ನನ್ನ ಮಗಳು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ. ಸಂಜೆಯ ಟ್ಯೂಷನ್ ಮಲಯಾಳದಲ್ಲಿ ನಡೆಯುವುದರಿಂದ, ಶಾಲೆಯಲ್ಲಿ ‘ಘಾತಾಂಕ’ ಎಂದು ಕಲಿತದ್ದನ್ನೇ ಅಲ್ಲಿ ‘ಕೃತ್ಯಂಕ’ ಎಂದು ಕೇಳಿ ಗೊಂದಲಕ್ಕೆ ಬೀಳುತ್ತಾಳೆ. ನಿನ್ನೆಯ ಲೆಕ್ಕ ಹೀಗಿದೆ. ಅಕ್ಷರಗಳನ್ನು ಕನ್ನಡದಲ್ಲೇ ಬರೆದಿದ್ದೇನೆ.

(2ಕ³ಗ⁻²)³ ÷ (4ಕ⁵ಗ⁻⁴)

ಅವಳಿಗೆ ಬಂದದ್ದು ಕ⁴/(2ಗ¹⁰), ಪುಸ್ತಕದಲ್ಲಿರುವುದು 2ಕ⁴/ಗ². ಕ⁴ ಮಾತ್ರ ಸರಿಯಾಗಿ ಬಂದು ಉಳಿದುದೆಲ್ಲ ತಪ್ಪಿದ್ದು ಎಲ್ಲಿ ಎಂಬುದನ್ನು ದಯವಿಟ್ಟು ತಿಳಿಸುವಿರಾ?

ಉತ್ತರ 1 (ನಿವೃತ್ತ ಗಣಿತ ಅಧ್ಯಾಪಕ, ಬದಿಯಡ್ಕ)

ತಪ್ಪು ಎರಡು ಕಡೆ ಆಗಿದೆ. ಆವರಣದ ಹೊರಗಿನ 3 ಎಂದರೆ ಒಳಗಿರುವ ಇಡೀ ಗುಣಲಬ್ಧವನ್ನು ಮೂರು ಸಲ ಬರೆದು ಗುಣಿಸುವುದು ಎಂದರ್ಥ. ಆದ್ದರಿಂದ ಅಕ್ಷರಗಳಂತೆಯೇ ಸಹಗುಣಕ 2 ಕೂಡ ಮೂರು ಸಲ ಬಂದು 8 ಆಗುತ್ತದೆ. ನಿಮ್ಮ ಮಗಳು ಅಕ್ಷರಗಳ ಘಾತಾಂಕಗಳನ್ನು ಸರಿಯಾಗಿಯೇ 3ರಿಂದ ಗುಣಿಸಿದ್ದಾಳೆ, 2ನ್ನು ಮಾತ್ರ ಹಾಗೆಯೇ ಬಿಟ್ಟಿದ್ದಾಳೆ. ಇದು ನಾನು ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಂಡ ತಪ್ಪು. ಹೀಗೆ ಅಂಶ 8ಕ⁹ಗ⁻⁶ ಆಗುತ್ತದೆ.

ಇನ್ನು ಭಾಗಿಸುವಾಗ ಘಾತಾಂಕಗಳನ್ನು ಕಳೆಯಬೇಕು. ಕ ಅಕ್ಷರಕ್ಕೆ 9 − 5 = 4. ಗ ಅಕ್ಷರಕ್ಕೆ −6 − (−4), ಅಂದರೆ −6 + 4 = −2. ಅವಳು −6 − 4 ಎಂದು ಮಾಡಿದ್ದರಿಂದ −10 ಬಂದಿದೆ. ಋಣ ಘಾತಾಂಕವನ್ನು ಕಳೆಯುವಾಗ ಅದಕ್ಕೊಂದು ಆವರಣ ಹಾಕಿಯೇ ಬರೆಯುವ ಅಭ್ಯಾಸ ಮಾಡಿಸಿ. ಕೊನೆಗೆ 2ಕ⁴ಗ⁻², ಅಂದರೆ 2ಕ⁴/ಗ².

ಹೆಸರಿನ ಗೊಂದಲದ ಬಗ್ಗೆ ಒಂದು ಮಾತು: ಹಳೆಯ ಸಂಸ್ಕೃತ ಗಣಿತದಲ್ಲಿ ‘ಕೃತಿ’ ಎಂದರೆ ವರ್ಗ, ‘ಘಾತ’ ಎಂದರೆ ಗುಣಲಬ್ಧ. ಎರಡೂ ಭಾಷೆಯವರು ಒಂದೇ ಕಣಜದಿಂದ ಬೇರೆ ಬೇರೆ ಪದಗಳನ್ನು ತೆಗೆದುಕೊಂಡಿದ್ದಾರೆ, ಅಷ್ಟೆ.

ಉತ್ತರ 2 (ಮಂಜೇಶ್ವರ)

ಅಧ್ಯಾಪಕರು ಹೇಳಿದ್ದಕ್ಕೆ ಒಂದು ಪರೀಕ್ಷೆಯನ್ನು ಸೇರಿಸುತ್ತೇನೆ. ಕ = 1, ಗ = 2 ಎಂದಿಟ್ಟರೆ ಮೂಲ ಬೀಜೋಕ್ತಿ (1/2)³ ÷ (1/4), ಅಂದರೆ 1/2 ಆಗುತ್ತದೆ; ಪುಸ್ತಕದ ಉತ್ತರವೂ 2/4, ಅದೇ ಬೆಲೆ. ಮಗಳ ಉತ್ತರದಲ್ಲಿ 1/2048 ಬರುತ್ತದೆ. ಎರಡು ಅಕ್ಷರಗಳಿಗೂ 1 ಇಟ್ಟು ನೋಡಬೇಡಿ, ಏಕೆಂದರೆ 1ರ ಯಾವ ಘಾತವೂ 1 ಆಗಿರುವುದರಿಂದ ಘಾತಾಂಕದ ತಪ್ಪು ಅಡಗಿಯೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಇಂದು (3ಕ²ಗ⁻¹)² ÷ (9ಕ⁴ಗ⁻³) ಎಂಬುದನ್ನು ಅವಳೇ ಮಾಡಿದಳು. ಅಂಶ 9ಕ⁴ಗ⁻² ಎಂಬಲ್ಲಿಯವರೆಗೆ ಸರಿಯಿತ್ತು; ಆಮೇಲೆ ‘4 − 4 = 0, ಆದ್ದರಿಂದ ಕ ಸೊನ್ನೆ, ಇಡೀ ಉತ್ತರವೂ ಸೊನ್ನೆ’ ಎಂದು ಬರೆದಿದ್ದಾಳೆ.

ಉತ್ತರ 1 ಬರೆದವರು

ಸೊನ್ನೆಯಾದದ್ದು ಘಾತಾಂಕ, ಕ ಅಲ್ಲ. ಅವಳಿಂದ 2³, 2², 2¹ ಬರೆಸಿ: 8, 4, 2 ಎಂದು ಪ್ರತಿ ಹೆಜ್ಜೆಗೂ ಅರ್ಧವಾಗುತ್ತದೆ. ಅದೇ ಕ್ರಮದಲ್ಲಿ ಮುಂದುವರಿದರೆ 2⁰ = 1, 2⁻¹ = 1/2 ಎಂದು ತಾನಾಗಿಯೇ ಬರುತ್ತದೆ. ಕ ಸೊನ್ನೆಯಲ್ಲದಿದ್ದರೆ ಕ⁴ ÷ ಕ⁴ = 1 ಎಂಬುದೂ ಇದನ್ನೇ ಹೇಳುತ್ತದೆ. ಆದ್ದರಿಂದ ಉಳಿಯುವುದು ಗ ಮಾತ್ರ.