ಘರ್ಷಣೆಯೋ ಡಿಕ್ಕಿಯೋ, ಹಾರುವುದೋ ಜಿಗಿಯುವುದೋ: ಮೊಬೈಲ್ ಆಟವೊಂದರ ಪದಗಳು

ಪ್ರಶ್ನೆ

ಭೌತವಿಜ್ಞಾನದ ಲೆಕ್ಕದ ಮೇಲೆ ನಡೆಯುವ ಮೊಬೈಲ್ ಆಟವೊಂದರ ಪದಗಳು ಕನ್ನಡಕ್ಕೆ ಬರಬೇಕಾಗಿವೆ. ಸ್ವೀಡನ್ನಿನ ‘ಲಿಯೋಸ್ ಫಾರ್ಚೂನ್’ (2014) ಜಾತಿಯ ಆಟ: ತುಪ್ಪಳದ ಉಂಡೆಯಂಥ ಜೀವಿ ಇಳಿಜಾರಿನಲ್ಲಿ ಜಾರುತ್ತದೆ, ಮೈ ಉಬ್ಬಿಸಿ ತೇಲುತ್ತದೆ, ಹಲಗೆಯಿಂದ ಹಲಗೆಗೆ ದಾಟುತ್ತದೆ. ಆಟಗಾರರೇ ಹೊಸ ಹಂತಗಳನ್ನು ಕಟ್ಟಬಹುದು; ಹಾಗಾಗಿ ಲೆಕ್ಕದ ಪದಗಳೂ ಅವರ ಕಣ್ಣಿಗೆ ಬೀಳುತ್ತವೆ. ಪ್ಲಾಟ್‌ಫಾರ್ಮ್‌ಗೆ ‘ವೇದಿಕೆ’ ಒಗ್ಗುತ್ತದೆಯೆ? ಜಂಪ್‌ಗೆ ಹಾರು, ನೆಗೆ, ಜಿಗಿ ಇವುಗಳಲ್ಲಿ ಯಾವುದು? ಫ್ರಿಕ್ಷನ್, ಕೊಲಿಜನ್, ರೆಸ್ಟಿಟ್ಯೂಷನ್ (ತಾಗಿದ ವಸ್ತು ಎಷ್ಟು ಪುಟಿಯುತ್ತದೆಂಬ ಅಳತೆ) ಎಂಬ ಮೂರಕ್ಕೆ ಈಗಿನ ಕರಡಿನಲ್ಲಿ ಘರ್ಷಣೆ, ಘರ್ಷಣೆ, ಸ್ಥಿತಿಸ್ಥಾಪಕತ್ವ ಎಂದಿದೆ. ಬಲ್ಲವರು ತಿಳಿಸಬೇಕು.

ಉತ್ತರ 1

ಕೊನೆಯದನ್ನೇ ಮೊದಲು ನೋಡೋಣ, ಅಲ್ಲಿ ತಪ್ಪಾದರೆ ಆಟವೇ ಕೆಡುತ್ತದೆ.

‘ಘರ್ಷಣೆ’ಗೆ ಕನ್ನಡದಲ್ಲಿ ಎರಡು ಬಾಳುವೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದು ಉಜ್ಜುವಿಕೆಯಿಂದ ಹುಟ್ಟುವ ತಡೆ. ದಿನಪತ್ರಿಕೆಯಲ್ಲಿ ಎರಡು ಗುಂಪುಗಳ ಹೊಡೆದಾಟ. ಕರಡು ಮಾಡಿದವರಿಗೆ ಎರಡೂ ಅರ್ಥ ಗೊತ್ತಿದ್ದದ್ದರಿಂದಲೇ ಎರಡೂ ಕಡೆ ಒಂದೇ ಪದ ಬಂದಿದೆ. ಫ್ರಿಕ್ಷನ್‌ಗೆ ಪಠ್ಯದ ‘ಘರ್ಷಣೆ’ ಇರಲಿ. ಕೊಲಿಜನ್‌ಗೆ ‘ಡಿಕ್ಕಿ’ ಸಾಕು, ಬಸ್ಸು ಲಾರಿಗಳಿಗೆ ದಿನವೂ ಬಳಸುವ ಪದವೇ. ಮೆಲ್ಲಗೆ ಸೋಕಿದರೂ ಆಗುವ ಕೆಲಸಕ್ಕೆ, ನಾಣ್ಯ ಸಿಗುವಂಥದ್ದಕ್ಕೆ, ‘ತಾಗು’ ಎನ್ನಿ.

ರೆಸ್ಟಿಟ್ಯೂಷನ್‌ಗೆ ‘ಪುಟಿತ’. ಸ್ಥಿತಿಸ್ಥಾಪಕತ್ವವು ಹಿಗ್ಗಿದ ವಸ್ತು ಮೊದಲಿನ ಆಕಾರಕ್ಕೆ ಮರಳುವ ಗುಣ. ಇಲ್ಲಿ ಅಳೆಯುತ್ತಿರುವುದು ತಾಗಿದ ಮೇಲೆ ಉಳಿಯುವ ವೇಗವನ್ನು. ವಿವರಣೆಯಲ್ಲಿ ಮಾತ್ರ ‘ಪುಟಿಯುವ ಎತ್ತರ’ ಎಂದು ಬರೆಯಬೇಡಿ. ಪುಟಿತ 0.5 ಇದ್ದರೆ ಉಳಿಯುವುದು ಅರ್ಧ ವೇಗ, ಎತ್ತರ ಕಾಲುಭಾಗವಷ್ಟೆ. 0.9 ಇಟ್ಟು 5 ಮೀಟರ್‌ನಿಂದ ಬಿಟ್ಟರೆ ಚೆಂಡು ಏರುವುದು 4.05 ಮೀಟರ್. ಎತ್ತರವೆಂದು ಓದಿದವರು ಹಂತ ಕಟ್ಟಿದರೆ ಮೇಲಿನ ಹಲಗೆ ಎಂದೂ ಕೈಗೆಟುಕದು.

ಬಾಕ್ಸ್ ಟು-ಡಿ ಎಂಬ ಎಂಜಿನ್, ಅಂದರೆ ಆಟದ ಭೌತವಿಜ್ಞಾನದ ಲೆಕ್ಕ ಮಾಡುವ ತಂತ್ರಾಂಶ, ಬಳಸುವ ಆಟವಾದರೆ ಇನ್ನೊಂದು ಎಚ್ಚರ. ಅದು ತಾನಾಗಿ ಮಾಡುವ ಲೆಕ್ಕದಲ್ಲಿ, ತಾಗಿದ ಎರಡು ವಸ್ತುಗಳ ಪುಟಿತದಲ್ಲಿ ದೊಡ್ಡದೇ ಗೆಲ್ಲುತ್ತದೆ. ಉಂಡೆಗೆ 0.1, ಹಲಗೆಗೆ 0.9 ಇದ್ದರೆ 0.9. ಆದ್ದರಿಂದ ಚೆಂಡಿಗೆ ‘ಪುಟಿಯುವ’, ಹಲಗೆಗೆ ‘ಪುಟಿಸುವ’. ಒಂದು ‘ಸು’ ಪ್ರತ್ಯಯದಲ್ಲಿ ಎಂಜಿನ್ನಿನ ನಿಯಮವೇ ಅಡಗಿದೆ, ಇದನ್ನು ಬಿಟ್ಟುಕೊಡಬಾರದು. ಘರ್ಷಣೆಯ ಲೆಕ್ಕ ಬೇರೆ: ಎರಡು ಅಂಕಿಗಳ ಗುಣಲಬ್ಧದ ವರ್ಗಮೂಲ. ಮಂಜುಗಡ್ಡೆಗೆ 0.05, ಉಂಡೆಗೆ 0.8 ಆದರೆ ಸಿಗುವುದು 0.2. ಒಂದು ಬದಿ ಸೊನ್ನೆಯಾದರೆ ಒಟ್ಟೂ ಸೊನ್ನೆ, ಎಷ್ಟೇ ಒರಟು ಮೈಯಿದ್ದರೂ ಜಾರುತ್ತದೆ.

‘ವೇದಿಕೆ’ ಬೇಡ. ಅದು ಭಾಷಣದ ಜಾಗ, ಈಚೆಗೆ ‘ಡಿಜಿಟಲ್ ವೇದಿಕೆ’ ಕೂಡ. ಒಂದೇ ಪದ ಹುಡುಕುವುದಕ್ಕಿಂತ ಎಂಜಿನ್ ವಸ್ತುಗಳನ್ನು ವಿಂಗಡಿಸುವ ಮೂರು ಬಗೆಗಳನ್ನು ಅನುಸರಿಸಿ. ಕದಲದೆ ನಿಂತದ್ದು ಕಟ್ಟೆ. ಭಾರಕ್ಕೆ ಬಗ್ಗದೆ ತನ್ನ ದಾರಿಯಲ್ಲಿ ಹೋಗಿಬರುವುದು ಓಡುಹಲಗೆ. ಮೇಲೆ ನಿಂತವರ ತೂಕಕ್ಕೆ ವಾಲುವುದು ತೂಗುಹಲಗೆ. ಹೆಸರು ಕೇಳಿದೊಡನೆ ಎಲ್ಲಿ ನಿಂತರೆ ಬೀಳುತ್ತೇವೆಂದು ಆಟಗಾರನಿಗೆ ತಿಳಿಯುತ್ತದೆ.

ಉತ್ತರ 2

ಜಂಪ್ ಬಗ್ಗೆ. ‘ಹಾರು’ ಹಕ್ಕಿಗೂ ಸಲ್ಲುತ್ತದೆ. ತೇಲುವ ಶಕ್ತಿಯೂ ಇರುವ ಆಟದಲ್ಲಿ ಗೊಂದಲ ಖಂಡಿತ. ‘ನೆಗೆ’ ಒಳ್ಳೆಯ ಪದವಾದರೂ ‘ನೆಗೆದು ಬಿದ್ದ’ ಎಂದರೆ ಸತ್ತ ಎಂದು ಬೈಯುವ ಮಾತು. ‘ಎರಡು ಸಲ ನೆಗೆದು ಬಿದ್ದಿರಿ’ ಎಂಬ ಸಂದೇಶವನ್ನು ಯಾರ ಮುಖಕ್ಕೂ ತೋರಿಸಬಾರದು. ‘ಜಿಗಿ’ಗೆ ಈ ಕಾಟವಿಲ್ಲ, ಧಾರವಾಡದ ಕಡೆ ದಿನಬಳಕೆಯದು, ಮೈಸೂರಿನವರಿಗೂ ತಿಳಿಯುತ್ತದೆ. ಈ ಬಗೆಯ ಆಟಕ್ಕೇ ‘ಜಿಗಿದಾಟ’ ಎಂದರೆ ಚೆಂದ. ಮೇಲಿನಿಂದ ಕೆಳಕ್ಕಾದರೆ ‘ಧುಮುಕು’. ಹೊರಗಿನ ಪೆಟ್ಟಿನಿಂದ ಮೇಲೆದ್ದರೆ ‘ಚಿಮ್ಮು’, ಚಿನ್ನಿದಾಂಡಿನಲ್ಲಿ ಚಿನ್ನಿಗೆ ಹೇಳುವಂತೆ.

ಈ ‘ಚಿಮ್ಮು’ ಇನ್ನೊಂದು ಕಡೆಯೂ ಬೇಕು. ಫೋರ್ಸ್ ಮತ್ತು ಇಂಪಲ್ಸ್ ಎರಡನ್ನೂ ‘ಬಲ’ ಎಂದುಬಿಡುವುದು ಸಾಮಾನ್ಯ ತಪ್ಪು. ಮೊದಲನೆಯದು ಒತ್ತಿದಷ್ಟು ಹೊತ್ತು ತಳ್ಳುವುದು, ಎರಡನೆಯದು ಒಂದೇ ಕ್ಷಣದ ಪೆಟ್ಟು. ಗುರುತ್ವ 10 ಇದ್ದಾಗ 1.8 ಮೀಟರ್ ಜಿಗಿಯಲು ಸೆಕೆಂಡಿಗೆ 6 ಮೀಟರ್ ವೇಗ ಬೇಕು. 2 ಕಿಲೋ ಉಂಡೆಗೆ ಪೆಟ್ಟು 12. ಅದೇ 12ನ್ನು ಬಲವೆಂದು ತಿಳಿದು ಒಂದು ಫ್ರೇಮ್ (ಪರದೆಯ ಒಂದು ಚಿತ್ರ) ಕಾಲ, ಅಂದರೆ ಸೆಕೆಂಡಿನ 60ನೇ ಒಂದು ಭಾಗ, ಕೊಟ್ಟರೆ ಬರುವ ವೇಗ 0.1. ಉಂಡೆ ಕದಲಿದ್ದೂ ಕಾಣುವುದಿಲ್ಲ. ಇಂಪಲ್ಸ್‌ಗೆ ಪಠ್ಯದಲ್ಲಿರುವ ‘ಆವೇಗ’ ಓದುಗರಿಗೆ ಉದ್ವೇಗದಂತೆ ಕೇಳುತ್ತದೆ. ‘ತಳ್ಳುಬಲ’, ‘ಚಿಮ್ಮುಪೆಟ್ಟು’ ಎಂದು ಬೇರ್ಪಡಿಸಿದರೆ ಯಾವುದು ಯಾವುದೆಂದು ಕೇಳಬೇಕಾಗಿಲ್ಲ.

ಪುಟಿತಕ್ಕೆ ನನ್ನ ಒಪ್ಪಿಗೆಯಿದೆ. ಬಾಕ್ಸ್ ಟು-ಡಿಯಲ್ಲಿ ಸೆಕೆಂಡಿಗೆ 1 ಮೀಟರ್‌ಗಿಂತ ನಿಧಾನವಾಗಿ ತಾಗಿದರೆ ಪುಟಿತ ಕೆಲಸ ಮಾಡುವುದಿಲ್ಲ ಎಂಬ ಸಾಲನ್ನೂ ವಿವರಣೆಗೆ ಸೇರಿಸಿ. ಇಲ್ಲದಿದ್ದರೆ ಹಲಗೆ ಕೆಟ್ಟಿದೆ ಎಂದು ಜನ ದೂರುತ್ತಾರೆ.

ಕರಡಿನಲ್ಲಿ ‘ಗುಂಡಿ ಒತ್ತಿ’ ಎಂದಿದ್ದರೆ ತಿದ್ದಿಬಿಡಿ. ಈ ಆಟದ ತುಂಬ ಬೀಳುವ ಗುಂಡಿಗಳೇ ಇವೆ. ಒತ್ತುವುದಕ್ಕೆ ‘ಬಟನ್’, ಬೀಳುವುದಕ್ಕೆ ‘ಹಳ್ಳ’.