ಸಹಾಯ ಬೇಕು: ಜೀನ್ ವರದಿ ಬರುವ ಮುನ್ನವೇ ಕೀಮೋ ಶುರುವಾದರೆ ಇಮ್ಯುನೊಥೆರಪಿ ಯಾವ ಸೈಕಲ್‌ನಿಂದ?

ಡೇ-ಕೇರ್ ಕೀಮೋ ವಿಭಾಗದವರು ದಯವಿಟ್ಟು ನೋಡಿ. ನಾಲ್ಕನೇ ಹಂತದ ಶ್ವಾಸಕೋಶದ ಅಡಿನೊಕಾರ್ಸಿನೋಮಾ (ಒಂದು ಬಗೆಯ ಕ್ಯಾನ್ಸರ್), ಉಬ್ಬಸ ಜಾಸ್ತಿ, ಇಜಿಎಫ್‌ಆರ್ ಜೀನ್‌ನಲ್ಲಿ ಬದಲಾವಣೆ ಇದೆಯೇ ಎಂಬ ವರದಿ ಇನ್ನೂ ಕೈಗೆ ಬಂದಿಲ್ಲ. ಕಾಯುವ ಹಾಗಿಲ್ಲ ಎಂದಾಗ ಮೊದಲ ಸೈಕಲ್‌ಗೆ (21 ದಿನದ ಸುತ್ತು) ಕೀಮೋ ಔಷಧಗಳಾದ ಪೆಮೆಟ್ರೆಕ್ಸೆಡ್, ಕಾರ್ಬೊಪ್ಲಾಟಿನ್ ಮಾತ್ರ ಕೊಟ್ಟು, ಇಮ್ಯುನೊಥೆರಪಿ ಔಷಧ ಪೆಂಬ್ರೊಲಿಜುಮಾಬ್ ಅನ್ನು 22ನೇ ದಿನ, ಅಂದರೆ ಎರಡನೇ ಸೈಕಲ್‌ಗೆ, ಸೇರಿಸುವುದೇ ಸುರಕ್ಷಿತ ಎನ್ನುವುದು ನನ್ನ ನಿಲುವು. ಪೆಂಬ್ರೊಲಿಜುಮಾಬ್ ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಆಮೇಲೆ ಇಜಿಎಫ್‌ಆರ್ ಪಾಸಿಟಿವ್ ಬಂದು ಅದಕ್ಕೆಂದೇ ಇರುವ ಮಾತ್ರೆ ಒಸಿಮೆರ್ಟಿನಿಬ್ ಶುರು ಮಾಡಿದರೆ ಶ್ವಾಸಕೋಶದಲ್ಲಿ ಉರಿಯೂತ, ಅಂದರೆ ನ್ಯುಮೊನೈಟಿಸ್, ಆಗುವ ಅಪಾಯ ಏರುತ್ತದೆ. ಒಮ್ಮೆ ಒಳಗೆ ಹೋದದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ.

ನೆಗೆಟಿವ್ ಬಂದರೆ ಎರಡನೇ ಸೈಕಲ್‌ನ ದಿನ ಮೊದಲು ಪೆಂಬ್ರೊಲಿಜುಮಾಬ್ 200 ಮಿ.ಗ್ರಾಂ, ಫಿಲ್ಟರ್ ಇರುವ ಸೆಟ್‌ನಲ್ಲಿ 30 ನಿಮಿಷ. ನಂತರ ಪೆಮೆಟ್ರೆಕ್ಸೆಡ್ ಚದರ ಮೀಟರಿಗೆ 500 ಮಿ.ಗ್ರಾಂ, 10 ನಿಮಿಷ. ಅದು ಮುಗಿದು ಅರ್ಧ ಗಂಟೆಯ ಮೇಲೆ ಕಾರ್ಬೊಪ್ಲಾಟಿನ್ ಎಯುಸಿ 5 (ಮೂತ್ರಪಿಂಡದ ಸಾಮರ್ಥ್ಯ ನೋಡಿ ಲೆಕ್ಕ ಹಾಕುವ ಡೋಸ್). ಪೆಮೆಟ್ರೆಕ್ಸೆಡ್‌ನ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್, ಬಿ12 ಮೊದಲ ಸೈಕಲ್‌ಗೆ ಒಂದು ವಾರ ಮುಂಚೆಯೇ ಶುರುವಾಗಿರಬೇಕು. ತರಾತುರಿಯಲ್ಲಿ ಇದೇ ತಪ್ಪಿಹೋಗುವುದು, ಆಮೇಲೆ ಬಾಯಿಹುಣ್ಣು, ಬಿಳಿರಕ್ತಕಣ ಕುಸಿತ.

ನನಗೆ ಬೇಕಾದದ್ದು ಇಷ್ಟು. ಇಮ್ಯುನೊಥೆರಪಿ ತಡವಾಗಿ ಸೇರಿದಾಗ ಪ್ಲಾಟಿನಂ (ಇಲ್ಲಿ ಕಾರ್ಬೊಪ್ಲಾಟಿನ್) ಅನ್ನು ಒಟ್ಟು ನಾಲ್ಕು ಸೈಕಲ್‌ಗೇ ನಿಲ್ಲಿಸುತ್ತೀರಾ, ಇಲ್ಲ ಪೆಂಬ್ರೊಲಿಜುಮಾಬ್ ಜೊತೆಗೇ ನಾಲ್ಕು ಆಗುವ ಹಾಗೆ ಐದಕ್ಕೆ ಒಯ್ಯುತ್ತೀರಾ? ಪೆಮೆಟ್ರೆಕ್ಸೆಡ್‌ನಿಂದ ದದ್ದು ಏಳದಿರಲೆಂದು ಮೂರು ದಿನ ದಿನಕ್ಕೆರಡು ಸಲ ಕೊಡುವ ಸ್ಟೆರಾಯ್ಡ್ ಡೆಕ್ಸಾಮೆಥಾಸೋನ್ 4 ಮಿ.ಗ್ರಾಂ ಅನ್ನು ಯಾರಾದರೂ ಇಳಿಸಿ ನೋಡಿದ್ದೀರಾ? ಇಳಿಸಿದವರಲ್ಲಿ ಚರ್ಮದ ದದ್ದು ಎಷ್ಟು ಕಂಡಿತು, ದಯವಿಟ್ಟು ಬರೆಯಿರಿ.